ನಲವತ್ತೊಂದನೆಯ ಚೀಲದ ಹಲ್ಲು

ಬೆಳಗಿನಿಂದ ಚಂಥಲಾ ಆ ಹಲ್ಲನ್ನು ಆರು ಸಲ ನೋಡಿದ್ದಳು. ಏಳನೆಯ ಸಲ ನೋಡಬಾರದೆಂದು ಕೈಗಳನ್ನು ತೊಡೆಯ ಕೆಳಗಿಟ್ಟು ಕೂತರೂ ಅದು ಕಾಣುತ್ತಲೇ ಇತ್ತು. ಎಳ್ಳುಕಾಳಿನಷ್ಟಿದ್ದ ಕಪ್ಪು ಹಲ್ಲು. ಒಂದು ಮಗ್ಗುಲಲ್ಲಿ ಸ್ವಲ್ಪ ನೀಲಿಗೆ ತಿರುಗಿತ್ತು. ಮೇಲೆ ಅಡ್ಡಡ್ಡಲಾಗಿ ಎರಡು ಏಣು, ಅವುಗಳ ನಡುವೆ ಒಂದು ಕಣಿವೆ. ಸೂಕ್ಷ್ಮದರ್ಶಕದ ಕೆಳಗೆ ಆ ಕಣಿವೆ ಎಷ್ಟು ದೊಡ್ಡದಾಗುತ್ತಿತ್ತೆಂದರೆ ಅದರೊಳಗೆ ಇಳಿದು ಹತ್ತಬಹುದೆಂದು ತೋರುತ್ತಿತ್ತು. ಕಿಟಕಿಯ ಹೊರಗೆ ಇರಬೇಕಾಗಿದ್ದ ಸುಣ್ಣಕಲ್ಲಿನ ಗುಡ್ಡ ಈ ಹೊತ್ತು ಇರಲಿಲ್ಲ. ಮಾರ್ಚ್ ತಿಂಗಳು, ಸುತ್ತಲಿನ ಊರಿನವರೆಲ್ಲ ಬಿತ್ತನೆಗೆಂದು ಕಾಡು ಕಡಿದು ಸುಡುತ್ತಿದ್ದರು, ಹೊಗೆ ಗುಡ್ಡವನ್ನು ನುಂಗಿತ್ತು. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಹುದಿತ್ತು, ಅದು ಯಾರೋ ಕಚ್ಚಿ ಬಿಟ್ಟ ಹಣ್ಣಿನ ಹಾಗಿತ್ತು. ಬಟ್ಟೆಗೆ, ಅನ್ನಕ್ಕೆ, ಕೂದಲಿಗೆ ಎಲ್ಲಕ್ಕೂ ಸುಟ್ಟ ವಾಸನೆ. ಎರಡು ವಾರದಿಂದ ಆ ವಾಸನೆ ಹೊಲಗಳದೋ ತನ್ನ ಮೂಗಿನೊಳಗಿನದೋ ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಹಲ್ಲು ಸಿಕ್ಕಿದ್ದು ಎರಡು ವಾರದ ಹಿಂದೆ. ಅವಳ ಕೆಲಸವೇ ಅದು: ಗುಹೆಯಿಂದ ಒಡೆದು ತಂದ ಗಟ್ಟಿ ಮಣ್ಣನ್ನು ಹುಳಿನೀರಿನಲ್ಲಿ ನೆನೆಸಿ, ಹಳ್ಳದಲ್ಲಿ ಜರಡಿ ಹಿಡಿದು ತೊಳೆದು, ಒಣಗಿಸಿ, ಉಳಿದ ಮರಳನ್ನು ಚಮಚ ಚಮಚವಾಗಿ ಕಪ್ಪು ತಟ್ಟೆಯ ಮೇಲೆ ಹರಡಿ, ಬ್ರಷ್ಷಿನ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆಮಾಡಿಕೊಂಡು, ಹಲ್ಲೆನ್ನಿಸಿದ್ದನ್ನು ಎತ್ತಿ ಗಾಜಿನ ಸೀಸೆಗೆ ಹಾಕುವುದು. ಬಾವಲಿಯ ಹಲ್ಲು, ಮೂಗಿಲಿಯ ಹಲ್ಲು, ಹಾವಿನ ಬೆನ್ನುಮೂಳೆ. ಆ ಬ್ರಷ್ಷಿನಿಂದ ಎಷ್ಟು ಲಕ್ಷ ವರ್ಷಗಳ ಧೂಳು ತನ್ನ ಹೊಟ್ಟೆ ಸೇರಿರಬಹುದೆಂದು ಮೊದಲ ವರ್ಷ ಯೋಚಿಸುತ್ತಿದ್ದಳು, ಆಮೇಲೆ ಬಿಟ್ಟಳು. ಅಂದು ಮಧ್ಯಾಹ್ನ ತಟ್ಟೆಯ ಮೂಲೆಯಲ್ಲಿ ಅದು ತಾನಾಗಿಯೇ ಮಗ್ಗುಲು ಬದಲಿಸಿದ ಹಾಗೆ ಹೊರಳಿ ಎರಡು ಏಣು ತೋರಿಸಿತು. ಅವಳು ಕೂಗಲಿಲ್ಲ. ಎರಡು ವರ್ಷದ ಹಿಂದೆ ಒಂದು ಬಸವನಹುಳದ ಚಿಪ್ಪಿನ ಚೂರನ್ನು ಹಲ್ಲೆಂದು ಹಿಡಿದುಕೊಂಡು ಓಡಿಹೋಗಿ ಮೇಷ್ಟ್ರಿಗೆ, ಇಲ್ಲಿನವರ ಮಾತಿನಲ್ಲಿ ಅಜಾನರಿಗೆ, ತೋರಿಸಿದ್ದಳು. ರಾಜಧಾನಿಯಿಂದ ಬಂದಿದ್ದ ಹುಡುಗಿಯರು ಅದನ್ನು ನೋಡಿ, ಹಲ್ಲಕ್ಕ ಹೊಸ ವಂಶವನ್ನೇ ಹುಡುಕಿಬಿಟ್ಟಿದಾಳೆ ಎಂದು ನಕ್ಕಿದ್ದರು. ಹಲ್ಲಕ್ಕ ಎಂಬ ಹೆಸರು ಹಾಗೆ ಉಳಿದುಹೋಗಿತ್ತು. ಈ ಸಲ ಅವಳು ಸೀಸೆಯನ್ನು ಮೇಜಿನ ಮೇಲಿಟ್ಟು, ಅಜಾನ್ ಊಟ ಮುಗಿಸಿ ಬರುವ ತನಕ ಕಾದು, ಇದನ್ನೊಂಚೂರು ನೋಡ್ತೀರಾ ಎಂದಷ್ಟೇ ಅಂದಳು.

ಅಜಾನ್ ವಿಸೇತ್ ಬಹಳ ಹೊತ್ತು ನೋಡಿದರು. ಅರುವತ್ತು ದಾಟಿದ ಮೇಷ್ಟ್ರು. ಬರುವ ಸೆಪ್ಟೆಂಬರಿಗೆ ನಿವೃತ್ತಿ. ಹನ್ನೊಂದು ವರ್ಷದಿಂದ ಈ ಖಮ್ಮುವಾನ್ ಸೀಮೆಯ ಗುಹೆಗಳನ್ನು ಒಂದೊಂದಾಗಿ ಜಾಲಾಡಿದವರು. ಎಲ್ಲ ಒಂದೇ ಪ್ರಾಣಿಗಾಗಿ: ಊರವರು ಖನ್ಯೂ ಎಂದು ಕರೆಯುವ, ಬಂಡೆಯ ಸಂದಿಯಲ್ಲಿರುವ, ಬಾತುಕೋಳಿಯ ಹಾಗೆ ಕಾಲು ಹೊರಚಾಚಿ ನಡೆಯುವ, ಇಲಿಯನ್ನು ಹೋಲುವ ಪೊದೆಬಾಲದ ಸಾಧುಪ್ರಾಣಿ. ಅದರ ವಂಶದ ಹಲ್ಲುಗಳು ಥಾಯ್ ನಾಡಿನಲ್ಲಿ, ಪಾಕಿಸ್ತಾನದ ಬೆಟ್ಟಗಳಲ್ಲಿ, ಚೀನಾದಲ್ಲಿ ಕಲ್ಲಾಗಿ ಸಿಕ್ಕಿದ್ದವು. ಕಟ್ಟಕಡೆಯದಕ್ಕೆ ಒಂದು ಕೋಟಿ ಹತ್ತು ಲಕ್ಷ ವರ್ಷ. ಅಲ್ಲಿಗೆ ಆ ವಂಶ ಮುಗಿಯಿತೆಂದು ಪಂಡಿತರು ಬರೆದು ಮುಗಿಸಿದ ಮೇಲೆ ಥಾಖೆಕ್ ಪಟ್ಟಣದ ಸಂತೆಯಲ್ಲಿ, ಸೊಪ್ಪಿನ ಕಂತೆಗಳ ಪಕ್ಕದಲ್ಲಿ, ಬೇಯಿಸಿ ತಿನ್ನಲೆಂದು ಇಟ್ಟಿದ್ದ ಒಂದರ ಮೇಲೆ ಯಾರದೋ ಕಣ್ಣು ಬಿತ್ತು. ಆ ಕಲ್ಲುಹಲ್ಲಿಗೂ ಈ ಸಂತೆಯ ಮಾಂಸಕ್ಕೂ ನಡುವೆ ಒಂದು ಕೋಟಿ ಹತ್ತು ಲಕ್ಷ ವರ್ಷ ಖಾಲಿ. ಒಂದು ಹಲ್ಲೂ ಇಲ್ಲ. ಈ ಗುಹೆಯ ಮಣ್ಣು ಮೂವತ್ತು ಲಕ್ಷ ವರ್ಷದ್ದು. ಅಜಾನ್ ಕಣ್ಣು ತೆಗೆಯದೆಯೇ ಬಣ್ಣ ಸರಿಯಾಗಿದೆ ಅಂದರು. ಈ ಗುಹೆಯ ಮೂಳೆಗಳೆಲ್ಲ ಕಪ್ಪೇ, ಕಲ್ಲಿನ ಕಪ್ಪು ಇಳಿದಿದೆ. ಆಮೇಲೆ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. ಅವರ ಬರಿಗಣ್ಣನ್ನು ಅವಳು ಅಲ್ಲಿಯವರೆಗೆ ನೋಡಿರಲಿಲ್ಲ, ನೋಡಬಾರದೆನ್ನಿಸಿತು.

ಸೀಸೆಗೆ ಚೀಟಿ ಬರೆಯುವಾಗಲೇ ಅವಳ ಕೈ ನಿಂತಿತ್ತು. ಗುಹೆಯ ಹೆಸರು, ಚೀಲದ ಸಂಖ್ಯೆ, ತೊಳೆದ ದಿನ. ನಲವತ್ತೊಂದು. ನಲವತ್ತೊಂದನೆಯ ಚೀಲ ತೊಳೆದ ದಿನವನ್ನು ಅವಳು ಮರೆತಿರಲಿಲ್ಲ. ಮೂಳೆಯನ್ನು ಕಪ್ಪು ಮಾಡುವುದಕ್ಕೆ ಲಕ್ಷಾಂತರ ವರ್ಷದ ಕಲ್ಲು ಬೇಕು, ಇಲ್ಲದಿದ್ದರೆ ಕಾಲು ಗಂಟೆಯ ಕೆಂಡ ಸಾಕು.

ಅಂದು ಹಳ್ಳದ ದಂಡೆಯಲ್ಲಿ ಅವರು ಐದು ಜನ. ಮಣ್ಣು ಹೊರುವ ಇಬ್ಬರು, ಅವಳ ಗಂಡನ ತಮ್ಮ ಬುನ್‌ಲಿಯಂಗ್, ಅವಳು, ಮತ್ತೆ ಹೇಳದೆ ಕೇಳದೆ ಗುಹೆಯ ಕಡೆಯಿಂದ ಇಳಿದು ಬಂದ ಅಜಾನ್. ಬುನ್‌ಲಿಯಂಗ್ ಬೆಳಿಗ್ಗೆಯೇ ಉರುಳಿನಿಂದ ಒಂದನ್ನು ಬಿಡಿಸಿ ತಂದಿದ್ದ. ಖನ್ಯೂ ಹಿಡಿಯುವುದು ಅಪರಾಧ, ಹಿಡಿದವನನ್ನು ಜೈಲಿಗೆ ಹಾಕುತ್ತಾರೆ ಎಂಬ ಚಿತ್ರದ ಹಲಗೆಯನ್ನು ಊರಬಾಗಿಲಿಗೆ ಹೊಡೆದಿದ್ದರು. ಅದನ್ನು ಹೊಡೆಸಿದವರಲ್ಲಿ ಅಜಾನರೂ ಒಬ್ಬರು. ಉರುಳಿಗೆ ಏನು ಬೀಳಬೇಕೆಂದು ನಾನು ಹೇಳಿಕೊಡೋಕಾಗುತ್ತಾ ಎಂದು ಬುನ್‌ಲಿಯಂಗ್ ನಕ್ಕಿದ್ದ. ಅಜಾನ್ ಬಂದಾಗ ಅದರ ಕೂದಲು ಸುಟ್ಟು, ಬಾಲ ಕತ್ತರಿಸಿ ಎಸೆದು, ಬಿದಿರಿನ ಸೀಳಿಗೆ ಸಿಕ್ಕಿಸಿ ಕೆಂಡದ ಮೇಲೆ ಇಟ್ಟಾಗಿತ್ತು. ಇಲಿ ಅಜಾನ್, ಗದ್ದೆ ಇಲಿ, ಎಂದು ಹೇಳಿದ್ದು ಬುನ್‌ಲಿಯಂಗ್ ಅಲ್ಲ. ಅವನ ಮುಖ ಬಿಳಚಿಕೊಂಡದ್ದನ್ನು ಕಂಡು ಅವಳೇ ಹೇಳಿದ್ದು. ಅಷ್ಟು ಸಲೀಸಾಗಿ ಸುಳ್ಳು ಹೇಳಲು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅಜಾನ್ ಹಸಿದಿದ್ದರು. ಕೂರಲು ಅವರಿಗೆ ಏನಾದರೂ ಹಾಸಬೇಕಿತ್ತು, ಬಂಡೆಯೆಲ್ಲ ಒದ್ದೆ. ಜರಡಿಯನ್ನು ಅರ್ಧ ತೊಳೆದು ಬಿಟ್ಟು ಎದ್ದರೆ ಮುಚ್ಚಬೇಕಾದ ಬಿಳಿ ಬಟ್ಟೆ ಅವಳ ಕೈಯಲ್ಲೇ ಇತ್ತು. ನಾಲ್ಕು ವರ್ಷದಲ್ಲಿ ಒಂದು ದಿನವೂ ಅವಳು ಮುಚ್ಚದೆ ಎದ್ದವಳಲ್ಲ. ಅದನ್ನೇ ಮಡಿಸಿ ಅವರಿಗೆ ಹಾಸಿದಳು.

ದೊಡ್ಡವರು ಎದುರಿಗಿದ್ದರೆ ತಲೆ ಅವರಿಗೇ ಕೊಡಬೇಕು; ಕೋಳಿಯಾದರೂ ಅಷ್ಟೆ, ಮೀನಾದರೂ ಅಷ್ಟೆ. ಬುನ್‌ಲಿಯಂಗ್ ಎರಡು ಕೈಯಲ್ಲಿ ಹಿಡಿದು ಕೊಟ್ಟ. ಅಜಾನ್ ಎರಡು ಕೈಯಲ್ಲಿ ತೆಗೆದುಕೊಂಡರು. ಕಪ್ಪಗೆ ಸುಟ್ಟ ತಲೆ. ಅದನ್ನು ಅತ್ತ ಇತ್ತ ತಿರುಗಿಸಿ ನೋಡಿದರೋ ಇಲ್ಲವೋ, ಈಗ ಎಷ್ಟು ನೆನೆಸಿಕೊಂಡರೂ ಅವಳಿಗೆ ಆ ಒಂದು ಗಳಿಗೆ ಮಾತ್ರ ಸಿಗುವುದಿಲ್ಲ. ದವಡೆ ಮುರಿದ ಸದ್ದು ನೆನಪಿದೆ. ಅನ್ನದ ಉಂಡೆಯನ್ನು ಮೆಣಸಿನ ಚಟ್ನಿಗೆ ಅದ್ದಿ ಬಾಯಿಗಿಟ್ಟುಕೊಂಡದ್ದು, ಮೂಳೆಯನ್ನು ಚೀಪಿದ್ದು, ಎಲ್ಲರ ಹಾಗೆ ಮುಖ ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಕೈ ಅಡ್ಡ ಹಿಡಿದು, ಚೂರುಗಳನ್ನು ನೀರಿನ ಕಡೆ ಉಗಿದದ್ದು ನೆನಪಿದೆ. ನೀರಿನ ಕಡೆ ಎರಡು ಮಾರು ದೂರದಲ್ಲಿ ಜರಡಿ ಬಾಯಿ ತೆರೆದುಕೊಂಡು ಕೂತಿತ್ತು. ರುಚಿಯಾಗಿದೆ ಎಂದಿದ್ದರು. ಬುನ್‌ಲಿಯಂಗ್ ಅವಳ ಕಡೆ ನೋಡದೆ ನಗು ನುಂಗಿದ್ದ. ಅವಳೂ ತಿಂದಿದ್ದಳು, ಒಂದು ತೊಡೆಯ ತುಂಡು. ಖನ್ಯೂ ಹಿಡಿದರೆ ಕಚ್ಚುವುದಿಲ್ಲ, ಒದ್ದಾಡುವುದೂ ಇಲ್ಲ, ಸುಮ್ಮನೆ ನಮ್ಮನ್ನೇ ನೋಡುತ್ತದೆ ಎಂದು ಅತ್ತೆ ಹೇಳುತ್ತಿದ್ದರು.

ಈಗ ಕಿಟಕಿಯ ಹೊರಗೆ ಯಾರೋ ಕೂಗಿದರು. ಊರ ಮುಖ್ಯಸ್ಥರ ಮನೆಯಲ್ಲಿ ದಾರ ಕಟ್ಟುವ ಶಾಸ್ತ್ರ ಶುರುವಾಗುತ್ತಿತ್ತು. ಊಟವಾದ ಮೇಲೆ ಅಜಾನ್ ಹಲ್ಲು ತೆಗೆದುಕೊಂಡು ರಾಜಧಾನಿ ವಿಯೆಂಟಿಯಾನಿಗೆ ಹೊರಡುವವರು. ದೂರ ಹೊರಟವರ ಜೀವದ ಮೂವತ್ತೆರಡು ತುಣುಕುಗಳೂ ಮೈಯಲ್ಲೇ ಇರಲೆಂದು ಮುಂಗೈಗೆ ಬಿಳಿ ದಾರ ಕಟ್ಟಿ ಕಳಿಸಬೇಕು. ಚಂಥಲಾ ಸೀಸೆಯ ಮುಚ್ಚಳ ಬಿಗಿಮಾಡಿ, ಬಿಗಿಯಾಗಿದೆಯೇ ಎಂದು ಇನ್ನೊಮ್ಮೆ ನೋಡಿ, ಪೆಟ್ಟಿಗೆಯೊಳಗಿಟ್ಟು, ಬಾಗಿಲಿಗೆ ಬೀಗ ಹಾಕಿ, ಮತ್ತೆ ಹಿಂದೆ ಬಂದು ಬೀಗ ಎಳೆದು ನೋಡಿ ಹೋದಳು. ಥಾಖೆಕ್ಕಿನ ಸಂಜೆ ಕ್ಲಾಸಿಗೆ ಹೋಗುತ್ತಿದ್ದಾಗಲೂ ಹೀಗೆಯೇ. ಮೂರು ವರ್ಷ, ಮೀನಿನ ವಾಸನೆಯ ಕೈ ಉಜ್ಜಿ ಉಜ್ಜಿ ತೊಳೆದು, ತನಗಿಂತ ಹದಿನೈದು ವರ್ಷ ಚಿಕ್ಕವರ ಜೊತೆ ಕೂತು ಇಂಗ್ಲಿಷು, ಲೆಕ್ಕ, ವಿಜ್ಞಾನ ಕಲಿತಿದ್ದಳು. ಬರೆದು ಕೊಟ್ಟ ಉತ್ತರವನ್ನು ವಾಪಸು ಕೇಳಿ ತಿದ್ದುವ ಹೆಂಗಸು ಎಂದು ಅಲ್ಲಿ ಪ್ರಸಿದ್ಧಳು. ಇಂಥವಳೇ ನನಗೆ ಬೇಕು ಎಂದು ಅಜಾನ್ ಅವಳನ್ನು ಆರಿಸಿಕೊಂಡದ್ದೂ ಅದೇ ಕಾರಣಕ್ಕೆ. ಅವಳು ಹೌದೆಂದು ಬರೆದರೆ ಅದು ಹೌದು ಎಂದು ಅವರು ಎಲ್ಲರೆದುರು ಹೇಳುತ್ತಿದ್ದರು.

ಮುಖ್ಯಸ್ಥರ ಮನೆಯ ಅಟ್ಟಣೆಯ ಮೇಲೆ ಜನ ತುಂಬಿದ್ದರು. ಬಾಳೆಲೆಯ ಗೋಪುರ, ಚೆಂಡುಹೂ, ಬೇಯಿಸಿದ ಮೊಟ್ಟೆ, ಅಕ್ಕಿಯ ಮದ್ಯ. ಅಜಾನರ ಪಕ್ಕದಲ್ಲೇ ಅವಳನ್ನು ಕೂರಿಸಿದರು. ಬೇಡವೆಂದರೆ ಬಿಡಲಿಲ್ಲ, ಹಲ್ಲು ಸಿಕ್ಕಿದ್ದು ಇವಳ ಕೈಗೆ ತಾನೆ ಎಂದರು. ಮುದುಕ ಪೂಜಾರಿ ರಾಗವಾಗಿ ಜೀವವನ್ನು ಕರೆಯತೊಡಗಿದ. ಕಾಡಿಗೆ ಹೋಗಿದ್ದರೆ ಬಾ, ಗುಹೆಯಲ್ಲಿ ಉಳಿದಿದ್ದರೆ ಬಾ, ಹಳ್ಳದ ನೀರಿನಲ್ಲಿ ಬಿದ್ದಿದ್ದರೆ ಎದ್ದು ಬಾ. ಪ್ರತಿ ವರ್ಷ ಕೇಳಿದ ಮಾತೇ. ಇವತ್ತು ಹಳ್ಳದ ನೀರು ಎಂದಾಗ ಅವಳು ತಲೆ ಎತ್ತಿದಳು. ನಗುತ್ತಿದ್ದವರ ಬಾಯಿಗಳನ್ನೇ ಅವಳು ನೋಡುತ್ತಿದ್ದಳು. ಎಷ್ಟೊಂದು ಹಲ್ಲುಗಳು, ಸವೆದವು, ಮುರಿದವು, ಎಲೆಯಡಿಕೆಯಿಂದ ಕಪ್ಪಾದವು. ಮೂವತ್ತು ಲಕ್ಷ ವರ್ಷದ ಮೇಲೆ ಯಾವಳೋ ಒಬ್ಬಳು ಬ್ರಷ್ಷಿನ ತುದಿಯಿಂದ ಇವನ್ನೆಲ್ಲ ಒಂದೊಂದಾಗಿ ಎತ್ತುತ್ತಿರುತ್ತಾಳೆ, ಯಾವುದು ಯಾವ ಚೀಲದ್ದೆಂದು ಅವಳಿಗೆ ಗೊತ್ತಾಗುವುದಿಲ್ಲ. ಮುಖ್ಯಸ್ಥರ ಹೆಂಡತಿ ಅವಳ ಮುಂಗೈಗೆ ದಾರ ಸುತ್ತಿ ಗಂಟು ಹಾಕುತ್ತ, ನಿನ್ನ ಕಣ್ಣು ಸದಾ ಹೀಗೇ ಚುರುಕಾಗಿರಲಿ ಮಗಳೇ ಎಂದು ಹರಸಿದರು. ಒಬ್ಬರಾದ ಮೇಲೆ ಒಬ್ಬರು. ದಾರ ಮೊಣಕೈ ಕಡೆಗೆ ಏರುತ್ತ ಹೋಯಿತು.

ಬುನ್‌ಲಿಯಂಗ್ ದಾರ ಕಟ್ಟಲು ಬಂದಾಗ ಮದ್ಯ ಕುಡಿದಿದ್ದ. ಅವಳ ಕೈ ಹಿಡಿದು, ಹರಸುವವನ ಹಾಗೆ ತಲೆ ಬಗ್ಗಿಸಿ, ಅವಳಿಗಷ್ಟೇ ಕೇಳುವಂತೆ ಮಾತಾಡಿದ.

"ಏನತ್ತಿಗೆ, ಹಬ್ಬದ ಮನೇಲಿ ಮುಖ ಹಿಂಗೆ ಹುಳ್ಳಗೆ ಮಾಡ್ಕೊಂಡಿದೀರಿ. ಹೆಣಕ್ಕೆ ದಾರ ಕಟ್ದಂಗಾಗ್ತಿದೆ ನಂಗೆ."

ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು, ಅವನು ಬಿಡಲಿಲ್ಲ.

"ಆ ಹಲ್ಲು ಅವತ್ತು ನಾವು ತಿಂದಿದ್ದರದೇ ಅಂತ ಏನ್ ಗ್ಯಾರಂಟಿ? ಗುಡ್ಡದ ಹೊಟ್ಟೇಲಿ ಒಂದು ಹಲ್ಲು ಇರ್ಬಾರ್ದಾ?"

"ಇರಬಹುದು," ಅಂದಳು. "ನಂಗೊತ್ತಿಲ್ಲ. ಅದನ್ನೇ ಹೇಳ್ಬೇಕು ಅವರಿಗೆ, ಗೊತ್ತಿಲ್ಲ ಅಂತ."

ಬುನ್‌ಲಿಯಂಗ್ ಗಂಟನ್ನು ಬಿಗಿಯಾಗಿ ಎಳೆದ. "ಹೇಳಿ. ನನ್ನ ಜೈಲಿಗೆ ಕಳಿಸಿ. ಆಮೇಲೆ ಆ ಮುದುಕನ ಮುಂದೆ ಕೂತ್ಕೊಂಡು, ಅಜಾನ್, ನೀವು ಹನ್ನೊಂದು ವರ್ಷದಿಂದ ಹುಡುಕ್ತಿದ್ರಲ್ಲ, ಅದನ್ನ ನೀವೇ ಚಟ್ನಿ ಜೊತೆ ತಿಂದ್ರಿ, ಗುರುತು ಸಿಗಲಿಲ್ವಾ ಅಂತ ಕೇಳಿ. ಕೇಳೋಕಾಗುತ್ತಾ ನಿಮ್ಮ ಕೈಲಿ?"

ಅವನು ಮುಂದಿನವರಿಗೆ ಜಾಗ ಬಿಟ್ಟು ನಗುತ್ತ ಎದ್ದುಹೋದ. ಅವನ ಮಾತಿನಲ್ಲಿ ಅವಳನ್ನು ಹೆದರಿಸಿದ್ದು ಜೈಲಲ್ಲ. ಹಸಿ ತಲೆಬುರುಡೆಯನ್ನು ಕತ್ತಲಲ್ಲಿ ಮುಟ್ಟಿ ಯಾವ ಪ್ರಾಣಿಯದೆಂದು ಹೇಳಬಲ್ಲ ಮನುಷ್ಯನಿಗೆ ಗುರುತು ಸಿಗದೆ ಇರುತ್ತದೆಯೇ ಎಂಬ ಪ್ರಶ್ನೆಯನ್ನು ಎರಡು ವಾರದಿಂದ ಅವಳು ಸುತ್ತು ಬಳಸಿ ದಾಟುತ್ತಿದ್ದಳು. ಸಿಗಲಿಲ್ಲವಾದರೆ ಅವಳು ಅವರ ಮುಖಕ್ಕೆ ಮಸಿ ಬಳಿಯಬೇಕು. ಸಿಕ್ಕಿತ್ತಾದರೆ? ಆ ಮಾತಿನ ಆಚೆ ಏನಿದೆಯೆಂದು ಅವಳಿಗೆ ಕಾಣುತ್ತಿರಲಿಲ್ಲ. ಅಲ್ಲಿ ಗುಡ್ಡವಿದ್ದ ಜಾಗದಲ್ಲಿದ್ದ ಹಾಗೆ ಹೊಗೆ ಇತ್ತು. ಪಕ್ಕದಲ್ಲಿ ಅಜಾನ್ ಎರಡೂ ಕೈ ಮುಂದೆ ಚಾಚಿ, ಕಣ್ಣು ಮುಚ್ಚಿ, ಮಗುವಿನ ಹಾಗೆ ದಾರ ಕಟ್ಟಿಸಿಕೊಳ್ಳುತ್ತಿದ್ದರು.

ಊಟವಾದ ಮೇಲೆ ಅವರೇ ಅವಳನ್ನು ಕೋಣೆಗೆ ಕರೆದರು. ಜೀಪಿಗೆ ಸಾಮಾನು ಏರಿಸುತ್ತಿದ್ದರು. ಅಜಾನ್ ಮೇಜಿನ ಮುಂದೆ ಕೂತು ಚೀಲದಿಂದ ಒಂದು ಕಂತೆ ಕಾಗದ ತೆಗೆದರು. ಈ ಹಲ್ಲಿನ ಬಗ್ಗೆ ಬರೆಯಲಿರುವ ಲೇಖನವನ್ನು ಅಚ್ಚು ಹಾಕುವ ಹೊರದೇಶದ ಪಂಡಿತರು ಒಂದು ಕಾಗದ ಕೇಳಿದ್ದಾರೆ, ಮಣ್ಣು ತೊಳೆದವರೇ ತುಂಬಿ ಸಹಿ ಮಾಡಬೇಕಂತೆ ಎಂದರು. ಇಂಗ್ಲಿಷಿನಲ್ಲಿ ನಾಲ್ಕೇ ಪ್ರಶ್ನೆ. ಜರಡಿಯನ್ನು ಮೊದಲು ತೊಳೆದು ಪರೀಕ್ಷಿಸಿದ್ದಿರಾ. ತೊಳೆಯುವ ಹೊತ್ತಿನಲ್ಲಿ ಜರಡಿಯನ್ನು ಮುಚ್ಚದೆ ಬಿಟ್ಟದ್ದುಂಟೆ. ಹೊರಗಿನ ಮೂಳೆ ಸೇರುವ ಸಾಧ್ಯತೆ ಇತ್ತೆ. ತೊಳೆದ ದಿನಾಂಕ. ಪ್ರತಿಯೊಂದರ ಮುಂದೆ ಗುರುತು ಹಾಕಲು ಚೌಕ, ಅದರ ಕೆಳಗೆ ಎರಡು ಸಾಲು ಬರೆಯಲು ಜಾಗ. ಸಂಜೆ ಕ್ಲಾಸಿನ ಪರೀಕ್ಷೆಯ ಹಾಗಿತ್ತು. ಎಲ್ಲ ಪ್ರಶ್ನೆಗೂ ಉತ್ತರ ಗೊತ್ತಿತ್ತು. ಅದು ಅವಳಿಗೆ ಒಂದು ಕ್ಷಣ ನಾಚಿಕೆಗೇಡಿನ ಸಂತೋಷ ಕೊಟ್ಟಿತು.

"ಅಜಾನ್," ಅಂದಳು. "ಅವತ್ತು ಹಳ್ಳದ ಹತ್ರ ಊಟ ಮಾಡಿದ್ವಲ್ಲ."

"ಹೂಂ."

"ಜರಡಿ ಮುಚ್ಚಿರಲಿಲ್ಲ. ಬಟ್ಟೇನ ನಿಮಗೆ ಹಾಸಿದ್ದೆ."

"ನೆನಪಿದೆ. ನೀನು ಹಾಸ್ದೆ, ನಾನು ಕೂತೆ."

"ನಾವು ತಿಂದಿದ್ದು ಗದ್ದೆ ಇಲಿ ಅಲ್ಲ ಅಜಾನ್. ನಾನು ಸುಳ್ಳು ಹೇಳ್ದೆ."

ಅವರು ಅವಳ ಮುಖ ನೋಡಲಿಲ್ಲ. ಮುಂಗೈಯ ದಾರಗಳನ್ನು ಒಂದೊಂದಾಗಿ ಸರಿಸಿ, ಸಮವಾಗಿ ಜೋಡಿಸುತ್ತಿದ್ದರು. ಹೊರಗೆ ಜೀಪಿನ ಚಾಲಕ ಯಾರೊಂದಿಗೋ ಹಗ್ಗದ ವಿಷಯಕ್ಕೆ ವಾದ ಮಾಡುತ್ತಿದ್ದ.

"ತಲೆ ನನಗೇ ಕೊಟ್ಟಿದ್ರಲ್ಲ," ಎಂದರು ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಷ್ಟು ಗೌರವದಿಂದ ಎರಡು ಕೈಲಿ ಕೊಟ್ಟಾಗ ಬೇಡ ಅನ್ನೋಕಾಗುತ್ತಾ? ಬೇಡ ಅಂದಿದ್ರೆ ಯಾಕೆ ಅಂತ ಹೇಳ್ಬೇಕಾಗ್ತಿತ್ತು. ಆ ಹುಡುಗನ ಮೇಲೆ ದೂರು ಬರೀಬೇಕಾಗ್ತಿತ್ತು, ನನ್ನ ಕೈಯಾರೆ."

ಹಾಗಾದರೆ ಅವರಿಗೆ ಗೊತ್ತಿತ್ತು. ಕೈಗೆ ತೆಗೆದುಕೊಂಡಾಗಲೇ ಗೊತ್ತಿತ್ತು. ದವಡೆ ಮುರಿಯುವಾಗ ಗೊತ್ತಿತ್ತು. ಎರಡು ವಾರದ ಹಿಂದೆ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಬಣ್ಣ ಸರಿಯಾಗಿದೆ ಎಂದಾಗಲೂ ಗೊತ್ತಿತ್ತೇ? ಅಥವಾ ಅದೊಂದು ಹಲ್ಲು ನಿಜವಾಗಿಯೂ ಗುಡ್ಡದ್ದು ಎಂದು ಅವರು ನಂಬಿದ್ದಾರೆಯೇ, ನಂಬಲು ಅವರಿಗೆ ಇನ್ನು ಸೆಪ್ಟೆಂಬರಿನವರೆಗಷ್ಟೇ ಸಮಯವಿದೆ ಎಂದು? ಕೇಳಬಹುದಿತ್ತು. ಅವಳ ನಾಲಿಗೆ ತನ್ನದೇ ಹಲ್ಲುಗಳ ಹಿಂಬದಿಯನ್ನು ಒಂದೊಂದಾಗಿ ತಡವಿ ಬಂತು. ಪೆನ್ನು ತೆಗೆದುಕೊಂಡು ಅವಳು ಬರೆದಳು. ಜರಡಿಯನ್ನು ಮುಚ್ಚಿರಲಿಲ್ಲ. ಪಕ್ಕದಲ್ಲಿ ಊಟ ನಡೆದಿತ್ತು. ಹೊರಗಿನ ಮೂಳೆ ಸೇರಿರುವ ಸಾಧ್ಯತೆ ಇದೆ. ಇಂಗ್ಲಿಷಿನಲ್ಲಿ, ತಪ್ಪಿಲ್ಲದೆ, ಗುಂಡಗೆ. ಯಾರ ಹೆಸರನ್ನೂ ಬರೆಯಲಿಲ್ಲ.

ಅಜಾನ್ ಕಾಗದವನ್ನು ಎತ್ತಿಕೊಂಡು ಪೂರ್ತಿ ಓದಿದರು. ಅಕ್ಷರ ಚೆನ್ನಾಗಿದೆ ಎಂದರು. ಅದನ್ನು ಮಗುಚಿ ಮೇಜಿನ ಆಚೆ ಬದಿಗೆ ಇಟ್ಟು, ಕಂತೆಯಿಂದ ಅದೇ ಪ್ರಶ್ನೆಗಳ ಇನ್ನೊಂದು ಖಾಲಿ ಹಾಳೆ ತೆಗೆದು, ಅಂಗೈಯಿಂದ ಸುಕ್ಕು ತೀಡಿ, ಅವಳ ಮುಂದೆ ಸರಿಸಿದರು. ಅವಳು ಮತ್ತೆ ಅದನ್ನೇ ಬರೆದಳು. ಈ ಸಲ ಒಂದು ಸಾಲು ಕೆಳಗಿಳಿಯಿತು. ಅವರು ಅದನ್ನೂ ಓದಿದರು, ಅಷ್ಟೇ ಗಮನವಿಟ್ಟು, ಸಂಜೆ ಕ್ಲಾಸಿನ ಮೇಷ್ಟ್ರುಗಳು ಯಾರೂ ಓದದಷ್ಟು ಗಮನವಿಟ್ಟು. ಮೊದಲನೆಯದರ ಮೇಲೆ ಮಗುಚಿಟ್ಟರು. ಅವರು ಗದರುತ್ತಾರೆಂದು ಕಾದಳು. ಗದರಿದ್ದರೆ ಮೂರನೆಯದನ್ನೂ ಬರೆಯಬಲ್ಲವಳಾಗಿದ್ದಳು, ನಾಲ್ಕನೆಯದನ್ನೂ. ಆದರೆ ಅವರು ಮೂರನೆಯ ಹಾಳೆಯನ್ನು ಅವಳ ಕಡೆ ಸರಿಸಲೇ ಇಲ್ಲ. ತಮ್ಮ ಮುಂದೆಯೇ ಇಟ್ಟುಕೊಂಡು, ಕನ್ನಡಕ ಏರಿಸಿ, ಅವಳ ಕೈಯಿಂದ ಪೆನ್ನನ್ನು ಮೆಲ್ಲಗೆ ಬಿಡಿಸಿಕೊಂಡರು.

ಒಂದೊಂದು ಚೌಕದಲ್ಲೂ ಗುರುತು ಹಾಕುತ್ತ ಬಂದರು. ತೊಳೆದು ಪರೀಕ್ಷಿಸಿದ್ದೆ. ಮುಚ್ಚದೆ ಬಿಟ್ಟಿಲ್ಲ. ಸಾಧ್ಯತೆ ಇಲ್ಲ. ಮುದುಕರ ಕೈ, ನಿಧಾನ. ತಡೆಯುವುದಕ್ಕೆ ಬೇಕಾದಷ್ಟು ಹೊತ್ತಿತ್ತು. ಅವಳು ಅವರ ಬೆರಳ ಗಿಣ್ಣುಗಳನ್ನು, ಗುಹೆಯ ಕಲ್ಲಿನಿಂದ ಒಡೆದ ಉಗುರನ್ನು, ಹಾಳೆಯ ಮೇಲೆ ಎಳೆದು ಬರುತ್ತಿದ್ದ ಬಿಳಿ ದಾರಗಳ ತುದಿಯನ್ನು ನೋಡುತ್ತ ನಿಂತಿದ್ದಳು. ಕೊನೆಯ ಸಾಲಿಗೆ ಬಂದು ಅವರು ಒಂದು ಕ್ಷಣ ಯೋಚಿಸಿ ದಿನಾಂಕ ಬರೆದರು: ಜನವರಿ ಹದಿನೈದು.

"ಹದಿನಾಲ್ಕು, ಅಜಾನ್," ಎಂದಳು ಚಂಥಲಾ. ಮಾತು ಬಾಯಿಂದ ಬಿದ್ದ ಮೇಲೆಯೇ ಅವಳಿಗೆ ಅದು ತನ್ನ ದನಿಯೆಂದು ತಿಳಿದದ್ದು. "ಹದಿನೈದಕ್ಕೆ ನಾವು ತೊಳೀಲಿಲ್ಲ."

"ಹೌದಲ್ಲ," ಎಂದು ಅವರು ಐದನ್ನು ನಾಲ್ಕಾಗಿ ತಿದ್ದಿದರು. ಶಾಯಿ ಆರಲೆಂದು ಊದಿ, ಹಾಳೆಯನ್ನು ಸಹಿಯ ಜಾಗ ಅವಳೆದುರಿಗೆ ಬರುವ ಹಾಗೆ ತಿರುಗಿಸಿ ಇಟ್ಟರು. ಅಂದು ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿ, ಪ್ರೀತಿಯಿಂದಲೇ ಹೇಳಿದರು:

"ನೀನಿಲ್ದಿದ್ರೆ ತಪ್ಪಾಗ್ಬಿಡ್ತಿತ್ತು ನೋಡು."